ಅತ್ತೆಗೆ ಉಳಿದ ಮಾತು

ಅತ್ತೆಗೆ ಪಾರ್ಶ್ವವಾಯು ಬಡಿದಾಗ ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ಕೈಕಾಲು ವಾಪಸು ಬರಲಿಲ್ಲ. ಮಾತು ಬಂತು, ಒಂದೇ ಒಂದು. "ಕರ್ಮ."

ಹಸಿವಾದರೂ ಕರ್ಮ, ಹೊಟ್ಟೆ ತುಂಬಿದರೂ ಕರ್ಮ. ಫ್ಯಾನು ಹಾಕು ಎನ್ನಲಿಕ್ಕೂ ಕರ್ಮ, ಆರಿಸು ಎನ್ನಲಿಕ್ಕೂ ಕರ್ಮ. ಮೊದಮೊದಲು ನನಗೆ ತಲೆ ಕೆಟ್ಟುಹೋಗುತ್ತಿತ್ತು. ಯಾಕೆ ಈ ಮಾತೇ ಉಳಿಯಬೇಕಿತ್ತು, ಬೇರೆ ಏನಾದರೂ ಉಳಿಯಬಾರದಿತ್ತೇ ಎಂದು ಮಾತು ಕಲಿಸುವ ಡಾಕ್ಟರಮ್ಮನನ್ನು ಕೇಳಿದೆ. ಯೋಚಿಸಿ ಆಡುವ ಮಾತಿಗೆ ಮಿದುಳಿನಲ್ಲಿ ಒಂದು ಜಾಗವಂತೆ, ರೂಢಿಯಿಂದ ತಾನಾಗಿ ಬಾಯಿಗೆ ಬರುವ ಮಾತಿಗೆ ಇನ್ನೊಂದು ಜಾಗವಂತೆ. ಮೊದಲನೆಯದು ಹಾಳಾದರೂ ಎರಡನೆಯದರಲ್ಲಿ ಚೂರುಪಾರು ಉಳಿಯುವುದುಂಟಂತೆ. ಕೆಲವರಿಗೆ ದೇವರ ಹೆಸರು ಉಳಿಯುತ್ತದೆ, ಕೆಲವರಿಗೆ ಬರೀ ಬೈಗುಳ ಎಂದರು.

ನಮ್ಮ ಅತ್ತೆ ಜೀವಮಾನವಿಡೀ ಹಾಲು ಉಕ್ಕಿದರೂ, ಬಸ್ಸು ತಪ್ಪಿದರೂ, ಸೂಜಿಗೆ ದಾರ ಏರದಿದ್ದರೂ "ನನ್ನ ಕರ್ಮ!" ಎಂದವರು. ನಾನು ಸೊಸೆಯಾಗಿ ಬಂದ ಮೇಲಂತೂ ಕೇಳಲೇಬೇಡಿ. ಉಪ್ಪು ಹೆಚ್ಚಾದರೆ ನನ್ನ ಕರ್ಮ, ಕಮ್ಮಿಯಾದರೆ ನನ್ನ ಕರ್ಮ, ಸರಿಯಾಗಿದ್ದರೆ ಮಾತೇ ಇಲ್ಲ. ಈಗ ಪಾರ್ಶ್ವವಾಯು "ನನ್ನ" ಎಂಬುದನ್ನು ನುಂಗಿ ಹಾಕಿ "ಕರ್ಮ"ವನ್ನು ಮಾತ್ರ ಬಿಟ್ಟುಹೋಗಿತ್ತು.

"ಅವರಿಗೆ ಎಲ್ಲಾ ಅರ್ಥ ಆಗುತ್ತೆ. ಆ ಒಂದು ಮಾತಲ್ಲೇ ಎಲ್ಲಾ ಹೇಳ್ತಾರೆ. ನೀವು ಸ್ವಲ್ಪ ಕಿವಿ ಕೊಡ್ಬೇಕು" ಎಂದರು ಡಾಕ್ಟರಮ್ಮ. ನೀವು ಎಂದರೆ ಯಾರು? ಎದುರಿನ ಕುರ್ಚಿಗಳಲ್ಲಿ ನಾಲ್ಕು ಜನ ಕೂತಿದ್ದೆವು. ಅತ್ತೆಯ ದೊಡ್ಡ ಮಗ, ಅಂದರೆ ನನ್ನ ಭಾವ, ಮಗಳು, ಅಂದರೆ ನನ್ನ ನಾದಿನಿ, ಚಿಕ್ಕ ಮಗ, ಅಂದರೆ ನನ್ನ ಗಂಡ, ಆಮೇಲೆ ನಾನು. ಡಾಕ್ಟರಮ್ಮ ಮಾತ್ರ ನನ್ನ ಕಡೆಗೇ ತಿರುಗಿ ಹೇಳಿದರು. ಉಳಿದ ಮೂವರೂ ನನ್ನ ಕಡೆಗೇ ತಿರುಗಿ ಕೇಳಿದರು.

ಕಿವಿ ಕೊಟ್ಟೆ. ಬೇರೆ ದಾರಿ ಇರಲಿಲ್ಲ. ಗಿಡ್ಡಗೆ, ಕೆಳಕ್ಕೆ ಇಳಿಸಿ "ಕರ್ಮ" ಎಂದರೆ ಹೂಂ. "ಕರ್ಮಾ..." ಎಂದು ಎಳೆದರೆ ಬೇಡ. ಬೇಗ ಬೇಗ ಎರಡು ಸಲ ಎಂದರೆ ನೀರು. ಗಂಟಲಿನಿಂದ ಹೊರಟು ಕೊನೆಗೆ ಕೀರಲಾದರೆ ಮಂಚದ ಕೆಳಗಿನ ಪಾತ್ರೆ, ಅದೂ ಆ ಕ್ಷಣವೇ. ತಡಮಾಡಿದರೆ ಹಾಸಿಗೆ, ಹೊದಿಕೆ, ಅತ್ತೆಯ ಬಟ್ಟೆ ಎಲ್ಲ ಬದಲಿಸಬೇಕು. ಇಷ್ಟು ಕಲಿಯುವಷ್ಟರಲ್ಲಿ ನಾನು ಎಷ್ಟು ಹಾಸಿಗೆ ಒಗೆದೆನೋ ದೇವರಿಗೇ ಗೊತ್ತು.

ಇದ್ಯಾವುದಕ್ಕೂ ಸೇರದ ಒಂದು ಸ್ವರ ಉಳಿದಿತ್ತು. ಸಂಜೆ ಮೈ ಒರೆಸಿ, ಎಡಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಉಸ್ಸಪ್ಪಾ ಎಂದು ಏಳಬೇಕು ಎನ್ನುವಷ್ಟರಲ್ಲಿ ಅತ್ತೆ ತಮ್ಮ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ನನ್ನ ಮುಖವನ್ನೇ ನೋಡುತ್ತ ತಗ್ಗಿದ ದನಿಯಲ್ಲಿ, ಮೆಲ್ಲಗೆ, "ಕರ್ಮ" ಎನ್ನುತ್ತಿದ್ದರು. ನೀರು ತೋರಿಸಿದರೆ ಬೇಡ. ಪಾತ್ರೆ ತೋರಿಸಿದರೆ ಬೇಡ. ಇದನ್ನು ತಿಳಿಯಲು ದೊಡ್ಡ ಬುದ್ಧಿ ಬೇಕಾಗಿರಲಿಲ್ಲ. ನೀನು ನನ್ನ ಕರ್ಮ ಎನ್ನುತ್ತಿದ್ದಾರೆ, ಮತ್ತೇನು? ಮೈಯಲ್ಲಿ ಅರ್ಧ ಸತ್ತರೂ ಸೊಸೆಯನ್ನು ಹಂಗಿಸುವ ಅರ್ಧ ಗಟ್ಟಿಮುಟ್ಟಾಗಿದೆ ಎಂದುಕೊಂಡು ಕೈ ಬಿಡಿಸಿಕೊಂಡು ಒಗೆಯುವ ಬಕೆಟ್ಟಿನ ಕಡೆ ಹೋಗುತ್ತಿದ್ದೆ.

ನನಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಕತ್ತಲೆ ಕೋಣೆಯಲ್ಲಿ ಜನರನ್ನು ಕೂರಿಸಿ, ಅವರ ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಒಂದೊಂದೇ ಗಾಜು ಬದಲಿಸುತ್ತ "ಇದು ಚೆನ್ನಾಗಿ ಕಾಣ್ತಾ, ಅದಾ?" ಎಂದು ದಿನವಿಡೀ ಕೇಳುವುದು. ಈ ಕೆಲಸದಲ್ಲಿ ನಾನು ಕಂಡುಕೊಂಡದ್ದೇನೆಂದರೆ, ಜನ ಕಾಣದ ಅಕ್ಷರವನ್ನು ಊಹಿಸಿ ಓದಿಬಿಡುತ್ತಾರೆ. ಮೋಸ ಮಾಡಬೇಕೆಂದಲ್ಲ. ಹಿಂದಿನ ಅಕ್ಷರ, ಮುಂದಿನ ಅಕ್ಷರ ನೋಡಿ ನಡುವಿನದನ್ನು ತಾವೇ ತುಂಬಿಕೊಳ್ಳುತ್ತಾರೆ, ಆಮೇಲೆ ಕಂಡಿತೆಂದೇ ನಂಬುತ್ತಾರೆ. ಅಂಥವರ ಕಣ್ಣಿಗೆ ಸರಿಯಾದ ಗಾಜು ಕೂರಿಸುವುದು ಬಲು ಕಷ್ಟ.

ಬೆಳಿಗ್ಗೆ ಅತ್ತೆಯ ಬಳಿ ಒಬ್ಬ ಆಯಾ ಬರುತ್ತಾಳೆ. ಮಧ್ಯಾಹ್ನ ಅವಳು ಹೊರಡುವ ಹೊತ್ತಿಗೆ ನನ್ನ ಗಂಡ ಮನೆಗೆ ಬರುತ್ತಾರೆ. ಅವರಿಗೆ ನೀರು ಸರಬರಾಜಿನ ಪಂಪುಮನೆಯಲ್ಲಿ ಬೆಳಗಿನ ಪಾಳಿ. ಮಾತು ಕಮ್ಮಿ, ಅಲ್ಲಿ ಅವರಿಗೆ ಮೌನಿಬಾಬಾ ಎಂದೇ ಅಡ್ಡಹೆಸರು. ಆದರೆ ಕೆಲಸದಲ್ಲಿ ಗಟ್ಟಿಗರು. ಬಾಗಿಲಲ್ಲಿ ನಿಂತು ಶಬ್ದ ಕೇಳಿಯೇ ಯಾವ ಮೋಟರಿನ ಬೇರಿಂಗು ಹೋಗಿದೆ ಎಂದು ಹೇಳಬಲ್ಲರಂತೆ. ಮನೆಗೆ ಬಂದು ಪೇಪರಿನ ಪದಬಂಧ ಹಿಡಿದು ಅಮ್ಮನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಸಂಜೆ ನಾನು ಚಪ್ಪಲಿ ಬಿಡುವ ಮುಂಚೆಯೇ ವಾಸನೆ ಮೂಗಿಗೆ ಬಡಿಯುತ್ತದೆ. ಅತ್ತೆ ಒದ್ದೆಯಲ್ಲಿ ಮಲಗಿರುತ್ತಾರೆ, ಮುಖ ಗೋಡೆಯ ಕಡೆಗೆ.

"ಯಾಕ್ರೀ, ಅತ್ತೆ ಏನೂ ಅನ್ಲಿಲ್ವಾ?"

"ಏನೋ ಅಂದ್ಳು. ಕರ್ಮ ಕರ್ಮ ಅಂತಿದ್ಳು. ನೀರು ಕೊಟ್ಟೆ. ಆಮೇಲೂ ಅಂದ್ಳು, ನಂಗೆ ಅರ್ಥ ಆಗ್ಲಿಲ್ಲ."

"ಮೋಟರಿನ ಶಬ್ದ ಅರ್ಥ ಆಗುತ್ತೆ, ಹೆತ್ತಮ್ಮನ ಶಬ್ದ ಅರ್ಥ ಆಗಲ್ಲ" ಎಂದು ನಾನು ಸಿಡುಕುತ್ತಿದ್ದೆ. ಅವರು ಪದಬಂಧದಿಂದ ತಲೆ ಎತ್ತುತ್ತಿರಲಿಲ್ಲ. ಗಂಡಸರ ಕಿವಿಯೇ ಹಾಗೆ ಎಂದುಕೊಂಡು ಸೆರಗು ಸಿಕ್ಕಿಸುತ್ತಿದ್ದೆ.

ಭಾನುವಾರ ಬಂತೆಂದರೆ ಭಾವ ಮತ್ತು ನಾದಿನಿ ಬರುತ್ತಿದ್ದರು. ಭಾವ ಮೇಷ್ಟರಾಗಿದ್ದವರು, ನಿವೃತ್ತರಾದ ಮೇಲೆ ಹಳೆಯ ಗ್ರಂಥಗಳಲ್ಲಿ ಮುಳುಗಿದ್ದಾರೆ. ನಾದಿನಿ ಈಚೆಗೆ ಧ್ಯಾನ ಕೇಂದ್ರಕ್ಕೆ ಹೋಗುತ್ತಾಳೆ, ಬುದ್ಧ ಹೇಳಿದ್ದೇ ಸರಿ ಎನ್ನುತ್ತಾಳೆ. ಇಬ್ಬರೂ ಅಮ್ಮನ ಹಣೆ ಮುಟ್ಟಿ, ಕಣ್ಣು ಒದ್ದೆ ಮಾಡಿಕೊಂಡು, ಆಮೇಲೆ ಮಂಚದ ಆಚೆ ಒಬ್ಬರು ಈಚೆ ಒಬ್ಬರು ಕೂತು ವಾದಕ್ಕೆ ಇಳಿಯುತ್ತಿದ್ದರು. ಅಮ್ಮನ ಬಾಯಲ್ಲಿ ಉಳಿದದ್ದು ಅದೇ ಮಾತಾದ್ದರಿಂದ ವಿಷಯ ಹುಡುಕುವ ತೊಂದರೆ ಇರಲಿಲ್ಲ.

"ಕರ್ಮ ಅಂದ್ರೆ ಹಣೆಬರಹ ಅಂದ್ಕೊಂಡಿದಾರೆ ಜನ. ಅಲ್ಲ" ಎನ್ನುತ್ತಿದ್ದರು ಭಾವ. "ಕೃ ಅನ್ನೋ ಧಾತು. ಮಾಡು ಅಂತ ಅರ್ಥ. ಕರ್ಮ ಅಂದ್ರೆ ಮಾಡೋ ಕೆಲಸ, ಅಷ್ಟೇ. ಆದ್ರೆ ಮಾಡಿದ್ದು ಮಾಡಿದಲ್ಲಿಗೇ ಮುಗಿಯಲ್ಲ. ಜನ್ಮ ಜನ್ಮದಿಂದ ಕೂಡಿ ಬಂದಿರೋದು ಸಂಚಿತ, ಉಗ್ರಾಣದಲ್ಲಿರೋ ಅಕ್ಕಿ ಇದ್ದ ಹಾಗೆ. ಅದ್ರಲ್ಲಿ ಈ ಜನ್ಮಕ್ಕೆ ಅಂತ ಅಳೆದು ಒಲೆ ಮೇಲಿಟ್ಟಿರೋದು ಪ್ರಾರಬ್ಧ. ಅದನ್ನ ಉಂಡೇ ತೀರಿಸ್ಬೇಕು. ಈಗ ಮಾಡ್ತಿರೋದು ಆಗಾಮಿ, ಮುಂದಕ್ಕೆ ಉಗ್ರಾಣ ಸೇರೋದು. ಅಮ್ಮ ಈಗ ಪ್ರಾರಬ್ಧ ಕಳೀತಿದಾಳೆ."

"ಆ ಅಕ್ಕಿ ಬೇಯಿಸೋದು ಯಾರು ಭಾವ?" ಎಂದೆ ಒಮ್ಮೆ, ಚಹಾ ಲೋಟ ಇಡುತ್ತ. ಅವರು ನನ್ನ ಮಾತನ್ನು ಪ್ರಶ್ನೆ ಎಂದು ತೆಗೆದುಕೊಳ್ಳಲಿಲ್ಲ.

ನಾದಿನಿಗೆ ಕೆಂಡಾಮಂಡಲ ಕೋಪ. "ಅಣ್ಣಾ, ನಿನ್ನ ಲೆಕ್ಕದಲ್ಲಿ ಕಾಯಿಲೆ ಬಿದ್ದೋರೆಲ್ಲಾ ಪಾಪಿಗಳು. ಬುದ್ಧ ಹಾಗನ್ಲಿಲ್ಲ. ಪಿತ್ತದಿಂದ ನೋವು ಬರುತ್ತೆ, ವಾತದಿಂದ ಬರುತ್ತೆ, ಹವೆ ಬದಲಾದ್ರೂ ಬರುತ್ತೆ, ಎಲ್ಲಾನೂ ಹಳೇ ಜನ್ಮದ ತಲೆಗೆ ಕಟ್ಬೇಡಿ ಅಂದ. ಅವನ ಪ್ರಕಾರ ಕರ್ಮ ಅಂದ್ರೆ ಚೇತನಾ. ಉದ್ದೇಶ. ಕೈ ಏನು ಮಾಡ್ತು ಅನ್ನೋದಲ್ಲ, ಆ ಕೈಯನ್ನ ಎತ್ತಿಸಿದ್ದು ಏನು ಅನ್ನೋದು."

"ಆತ್ಮಾನೇ ಇಲ್ಲ ಅಂತೀರಿ. ಹಾಗಾದ್ರೆ ಮಾಡಿದ್ದರ ಫಲ ಹೊತ್ಕೊಂಡು ಹೋಗೋನ್ಯಾರು?"

"ಒಂದು ದೀಪದಿಂದ ಇನ್ನೊಂದು ಹಚ್ಚಿದ ಹಾಗೆ. ಹೊರೋರು ಅಂತ ಯಾರೂ ಇಲ್ಲ, ಹೊರೆ ಮಾತ್ರ ಮುಂದಕ್ಕೆ ಹೋಗ್ತಿರುತ್ತೆ."

"ಹೊರೋಳು ಇಲ್ಲೇ ನಿಂತಿದ್ದೀನಲ್ಲ" ಎಂದೆ. ಇಬ್ಬರೂ ನಕ್ಕರು. ತಮಾಷೆ ಎಂದುಕೊಂಡರು.

ಅಷ್ಟರಲ್ಲಿ ಅತ್ತೆ ಗಂಟಲಿನಿಂದ "ಕರ್ಮ" ಎಂದರು, ಕೊನೆ ಕೀರಲಾಗಿ. ಭಾವ ಬೆರಳೆತ್ತಿದರು. "ಕೇಳು, ಕೇಳು. ನಾವು ಪುಸ್ತಕ ಓದಿ ತಿಳ್ಕೊಂಡಿದ್ದನ್ನ ಅಮ್ಮ ಮಂತ್ರದ ಹಾಗೆ ಜಪಿಸ್ತಿದಾಳೆ." ನಾದಿನಿ ಕಣ್ಣು ಮುಚ್ಚಿ, "ಜಪ ಅಲ್ಲಣ್ಣ, ಅರಿವು" ಎಂದಳು.

"ಇಬ್ರೂ ಸ್ವಲ್ಪ ಆಚೆ ಹೋಗ್ತೀರಾ? ಅತ್ತೆಗೆ ಪಾತ್ರೆ ಬೇಕು" ಎಂದೆ ನಾನು. ಅರಿವು, ಜಪ ಎರಡೂ ಲೋಟ ಹಿಡಿದುಕೊಂಡು ಹಜಾರಕ್ಕೆ ಹೋದವು.

ಅವರನ್ನು ಆಡಿಕೊಂಡೆ ಎಂದು ಅವರ ಮಾತು ನನ್ನ ತಲೆಗೆ ಹೋಗಲಿಲ್ಲ ಎಂದಲ್ಲ. ಬಟ್ಟೆ ಒಗೆಯುವಾಗ ತಲೆಗೆ ಬೇರೇನು ಕೆಲಸ? ಕೈಯನ್ನು ಎತ್ತಿಸುವುದು ಏನು ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಪ್ರೀತಿಯೇ? ಸುಳ್ಳು. ಕರ್ತವ್ಯವೇ? ಅಷ್ಟು ದೊಡ್ಡ ಮಾತು ಬೇಡ. ವಾಸನೆ ಬರುತ್ತದೆ, ನಾನು ಎತ್ತದಿದ್ದರೆ ಯಾರೂ ಎತ್ತುವುದಿಲ್ಲ, ಅದಕ್ಕೆ ಎತ್ತುತ್ತೇನೆ. ಅದಕ್ಕೇನಾದರೂ ಪುಣ್ಯ ಇದ್ದರೆ ಅದನ್ನೂ ಆ ಬಕೆಟ್ಟಿನಲ್ಲೇ ನೆನೆಸಿಡಲಿ.

ನಿಜ ಹೇಳುತ್ತೇನೆ, ನಾನು ಸೋತುಹೋಗಿದ್ದೆ. ರಾತ್ರಿ ನಿದ್ದೆ ಇಲ್ಲ, ಹಗಲು ನಿಂತೇ ಕೆಲಸ. ಸೊಂಟ ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದೆ. ಒಂದು ದಿನ ಅಂಗಡಿಯಲ್ಲಿ ಮೀಸೆಯ ದೊಡ್ಡ ಮನುಷ್ಯರೊಬ್ಬರನ್ನು ಕೂರಿಸಿ, ಮೊದಲ ಗಾಜು ಹಾಕಿ, ಎರಡನೆಯದು ಹಾಕಿ, ತೂಕಡಿಸುತ್ತಲೇ "ನೀರಾ, ಪಾತ್ರೆಯಾ?" ಎಂದು ಕೇಳಿಬಿಟ್ಟೆ. ಅವರು ಗಾಬರಿಯಿಂದ ಚೌಕಟ್ಟು ತೆಗೆದು ನನ್ನನ್ನು ನೋಡಿದರು. ಹೊರಗಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆಮೇಲೆ ಹಿಂದಿನ ಕೋಣೆಗೆ ಹೋಗಿ ಅತ್ತುಬಿಟ್ಟೆ. ಅಂಗಡಿಯ ಯಜಮಾನರು ಕೆಟ್ಟವರಲ್ಲ. "ಹೀಗಾದ್ರೆ ಆಗಲ್ಲಮ್ಮ. ಕಣ್ಣಿನ ವಿಷಯ. ಯೋಚ್ನೆ ಮಾಡು" ಎಂದರು, ಅಷ್ಟೇ.

ಇದು ಕಿವಿಗೆ ಬಿದ್ದ ಮೇಲೆ ನಾದಿನಿಯೇ ಒಂದು ಆರೈಕೆ ಮನೆ ಹುಡುಕಿದಳು. ಬೆಳಕಿರುವ ಕೋಣೆಗಳು, ಹಗಲೂ ರಾತ್ರಿ ದಾದಿಯರು. ಒಂದು ಮಂಚ ಖಾಲಿಯಿತ್ತು. ಸೋಮವಾರದವರೆಗೆ ಇಟ್ಟಿರುತ್ತೇವೆ, ಆಮೇಲೆ ಬೇರೆಯವರಿಗೆ ಎಂದಿದ್ದರು. ಭಾವ ಮೊದಲು ಹಾರಾಡಿದರು, ಆಮೇಲೆ ತಣ್ಣಗಾಗಿ ಒಂದು ಷರತ್ತು ಹಾಕಿದರು.

"ಭಾನುವಾರ ಎಲ್ರೂ ಇರೋಣ. ಅಮ್ಮನ್ನೇ ಕೇಳೋಣ. ಅವಳ ಬಾಯಿಂದಾನೇ ಬರ್ಬೇಕು."

ಅವಳ ಬಾಯಿಂದ ಬರುವುದು ಒಂದೇ ಮಾತು. ಅದರ ಅರ್ಥ ತಿಳಿದವಳು ಇಡೀ ಮನೆಯಲ್ಲಿ ನಾನೊಬ್ಬಳೇ. ಇದು ಹೊಳೆದಾಗ ನಾನು ಬಸ್ಸಿನಲ್ಲಿದ್ದೆ. ಅತ್ತೆ "ಕರ್ಮಾ..." ಎಂದು ಎಷ್ಟೇ ಉದ್ದಕ್ಕೆ ಎಳೆಯಲಿ, ನಾನು "ಹೂಂ ಅಂದ್ರು" ಎಂದರೆ ಮುಗಿಯಿತು. ಯಾರಿಗೂ ಗೊತ್ತಾಗುವುದಿಲ್ಲ. ಅತ್ತೆಗೆ ಗೊತ್ತಾಗುತ್ತದೆ, ಆದರೆ ಅತ್ತೆ ಯಾರಿಗೆ ಹೇಳುತ್ತಾರೆ? ಕೈ ಏನೂ ಮಾಡುವುದು ಬೇಡ, ಬರೀ ಬಾಯಿ. ನಾದಿನಿ ಹೇಳಿದ ಉದ್ದೇಶ ಎಂಬುದು ಗಂಟಲಿನಲ್ಲಿ ಮುಳ್ಳಾಗಿ ಕೂತಿತು. ಕೂತರೆ ಕೂರಲಿ, ನಾನು ಹಾಗೇ ಹೇಳುವವಳು ಎಂದು ನಿರ್ಧಾರ ಮಾಡಿಯೇಬಿಟ್ಟೆ. ನನಗೆ ಮಲಗಬೇಕಾಗಿತ್ತು.

ಭಾನುವಾರ ಬೆಳಿಗ್ಗೆ ಅತ್ತೆಗೆ ತಲೆ ಬಾಚಿ, ಒಗೆದ ಬಟ್ಟೆ ಹಾಕಿ, ದಿಂಬಿಗೆ ಒರಗಿಸಿ ಕೂರಿಸಿದೆ. ಬಾಚುವಾಗ ಬಾಚಣಿಗೆ ಎರಡು ಸಲ ಕೈಜಾರಿತು. ಅತ್ತೆ ಅದನ್ನು ನೋಡಿದರು. ಭಾವ ಮಂಚದ ಒಂದು ಬದಿ, ನಾದಿನಿ ಇನ್ನೊಂದು ಬದಿ. ನನ್ನ ಗಂಡ ಎಂದಿನಂತೆ ಬಾಗಿಲಲ್ಲಿ, ಕುರ್ಚಿ, ಪೇಪರು. ನಾನು ಕಾಲದೆಸೆಯಲ್ಲಿ ನಿಂತೆ.

ಭಾವ ಗಂಟಲು ಸರಿಮಾಡಿಕೊಂಡು ಎಲ್ಲ ವಿವರಿಸಿದರು. ಚೆನ್ನಾಗಿಯೇ ವಿವರಿಸಿದರು, ಆ ಮಟ್ಟಿಗೆ ಮೇಷ್ಟರೇ. ಕೊನೆಗೆ, "ಅಮ್ಮಾ, ಅಲ್ಲಿಗೆ ಹೋಗ್ತೀಯಾ? ನಿಂಗೆ ಇಷ್ಟ ಇದ್ರೆ ಮಾತ್ರ" ಎಂದರು.

ಅತ್ತೆ ದೊಡ್ಡ ಮಗನನ್ನು ನೋಡಿದರು. ಮಗಳನ್ನು ನೋಡಿದರು. ಬಾಗಿಲ ಕಡೆ ನೋಡಿದರು. ನನ್ನನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಗಿಡ್ಡಗೆ, ಕೆಳಕ್ಕೆ ಇಳಿಸಿ, "ಕರ್ಮ" ಎಂದರು.

ಹೂಂ.

ನಾನು ಸುಳ್ಳಿಗೆ ತಯಾರಾಗಿ ಬಂದಿದ್ದೆ. ನಿಜಕ್ಕೆ ತಯಾರಾಗಿರಲಿಲ್ಲ. "ಏನಂದ್ಳು?" ಎಂದರು ಭಾವ. "ಹೂಂ ಅಂದ್ರು" ಎಂದೆ, ನನ್ನ ಕಿವಿಗೇ ಅದು ಕಳ್ಳದನಿಯಾಗಿ ಕೇಳಿಸಿತು.

"ನಿಜವಾಗ್ಲೂ?"

"ನಿಜ ಭಾವ. ಹೂಂ ಅಂತಾನೇ ಅಂದ್ರು."

"ನೋಡಮ್ಮ, ನಿನ್ನ ಕಷ್ಟ ನಂಗೆ ಅರ್ಥ ಆಗುತ್ತೆ. ಆದ್ರೆ ನಿಂಗೆ ಬೇಕಾದ ಹಾಗೆ ಹೇಳ್ತಿಲ್ಲ ತಾನೆ?"

ನಾದಿನಿ ಹೊದಿಕೆಯ ಅಂಚು ಸರಿಮಾಡತೊಡಗಿದಳು. ಅವಳೂ ನಂಬಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಸುಳ್ಳು ಹೇಳಿದ್ದರೆ ಇವರು ಅನುಮಾನ ಪಡಲಿ, ನಿಜ ಹೇಳಿದಾಗಲೇ ಅನುಮಾನ ಪಡುತ್ತಾರಲ್ಲ! ಅತ್ತೆ ಮತ್ತೊಮ್ಮೆ, ಈಗ ಗಟ್ಟಿಯಾಗಿ, ಅದೇ ಗಿಡ್ಡನೆಯ "ಕರ್ಮ" ಎಂದರು. "ಅವಳ ಮುಖ ನೋಡು" ಎಂದರು ಭಾವ, "ಬೇಡ ಅಂತಿದಾಳೆ, ನನಗೆ ಗೊತ್ತಾಗಲ್ವಾ?"

"ಹೂಂ ಅಂತಾನೇ ಅಂದಿದ್ದು."

ಬಾಗಿಲಿನಿಂದ ಬಂದ ಮಾತು. ಎಲ್ಲರೂ ತಿರುಗಿದೆವು. ನನ್ನ ಗಂಡ ಪೇಪರು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು. "ಗಿಡ್ಡಗೆ ಅಂದ್ರೆ ಹೂಂ. ಎಳೆದ್ರೆ ಬೇಡ. ಅವಳು ಸುಳ್ಳು ಹೇಳ್ತಿಲ್ಲ ಅಣ್ಣ."

ನನ್ನ ಕಣ್ಣು ತುಂಬಿಬಂತು. ಮದುವೆಯಾದಾಗಿನಿಂದ ಈ ಮನುಷ್ಯ ಅಣ್ಣನೆದುರು ನನ್ನ ಪರವಾಗಿ ಒಂದು ಮಾತು ಆಡಿದ್ದಿಲ್ಲ. ಅಬ್ಬಾ, ಕೊನೆಗೂ ಎಂದುಕೊಂಡೆ. ಆ ಸಮಾಧಾನ ಒಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಅವರು ಹೇಳಿದ್ದೇನು ಎಂಬುದು ತಲೆಗೆ ಇಳಿಯಿತು.

"ನಿಮ್ಗೆ ಗೊತ್ತಾ?" ಎಂದೆ.

ಅವರು ತೊಡೆಯ ಮೇಲಿನ ಪೇಪರು ನೋಡಿದರು.

"ನೀರಿಂದು ಗೊತ್ತು, ಕೊಡ್ತೀರಿ. ಹೂಂ ಗೊತ್ತು. ಬೇಡ ಗೊತ್ತು. ಪಾತ್ರೆದು?"

ಅವರು ಮಡಚಿದ ಪೇಪರನ್ನು ಇನ್ನೂ ಚಿಕ್ಕದಾಗಿ ಮಡಚಿದರು. "ಗೊತ್ತು."

"ಯಾವಾಗಿಂದ?"

"ಮೊದ್ಲಿಂದ."

ನನಗೆ ಸಂಜೆಗಳೆಲ್ಲ ಒಟ್ಟಿಗೆ ಕಣ್ಣಿಗೆ ಬಂದವು. ಚಪ್ಪಲಿ ಬಿಡುವ ಮುಂಚಿನ ಆ ವಾಸನೆ, ಗೋಡೆಯ ಕಡೆ ತಿರುಗಿದ ಅತ್ತೆಯ ಮುಖ. ಮಧ್ಯಾಹ್ನವೆಲ್ಲ ಇವರು ಈ ಕುರ್ಚಿಯಲ್ಲೇ ಕೂತಿರುತ್ತಿದ್ದರು. ಅಮ್ಮ ಕರೆಯುತ್ತಿದ್ದಳು, ಇವರು ಕೇಳುತ್ತಿದ್ದರು, ಮೋಟರಿನ ಶಬ್ದ ತಿಳಿದಷ್ಟೇ ಸ್ಪಷ್ಟವಾಗಿ ತಿಳಿಯುತ್ತಿತ್ತು, ಪದಬಂಧ ತುಂಬುತ್ತಿದ್ದರು. ಇವರಿಗೆ ತಿಳಿದಿದೆ ಎಂಬುದು ಅತ್ತೆಗೂ ತಿಳಿದಿತ್ತು. ಹೇಳಲು ಬಾಯಿರಲಿಲ್ಲ.

"ಅಮ್ಮನ್ನ ಹಾಗೆ ನೋಡೋಕೆ ನನ್ನ ಕೈಲಿ ಆಗಲ್ಲ ಕಣೇ" ಎಂದರು. ದನಿ ಒಡೆದಿತ್ತು. "ಗೊತ್ತಿಲ್ಲ ಅಂದ್ರೆ ನೀನು ಬಂದು ಮಾಡ್ತೀಯಲ್ಲ. ಅದಕ್ಕೆ."

ಅದಕ್ಕೆ! ನಾನು ನಾದಿನಿಯ ಕಡೆ ತಿರುಗಿದೆ. "ಉದ್ದೇಶ ಅಂತಿದ್ಯಲ್ಲ, ಕೈಯನ್ನ ಎತ್ತಿಸಿದ್ದು ಏನು ಅಂತ. ಎತ್ತದೇ ಇರೋ ಕೈಗೆ ಏನಂತಾನಮ್ಮ ನಿನ್ನ ಬುದ್ಧ?" ಅವಳು ಅಣ್ಣನ ಕಡೆ ನೋಡಿದಳು. ಭಾವನನ್ನು ನೋಡಿದೆ. ಅವರ ಸಂಚಿತ, ಪ್ರಾರಬ್ಧ ಯಾವುದೂ ಬಾಯಿಗೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಬೈಯಲು ಯಾರಾದರೂ ಒಬ್ಬರು ಬೇಕಿತ್ತು. ನಾನು ಮಂಚದ ಅಂಚಿನಲ್ಲಿ ಕುಸಿದು ಕೂತೆ.

ಆಗ ಅತ್ತೆ ನನ್ನ ಮಣಿಕಟ್ಟು ಹಿಡಿದರು. ಬಾಗಿಲಲ್ಲಿದ್ದ ಮಗನ ಕಡೆ ಒಂದು ಸಲ ಕಣ್ಣು ಹಾಯಿಸಿ, ನನ್ನ ಮುಖಕ್ಕೆ ಬಂದು, ಅದೇ ತಗ್ಗಿದ ದನಿಯಲ್ಲಿ, ಮೆಲ್ಲಗೆ, "ಕರ್ಮ" ಎಂದರು.

ಅದರ ಅರ್ಥ ಆ ಹೊತ್ತಿಗೆ ಯಾರಿಗಾದರೂ ತಿಳಿಯುವಂತಿತ್ತು. ಪಕ್ಕದ ಮನೆಯವಳಾಗಿದ್ದರೂ ಅದನ್ನೇ ಅನ್ನುತ್ತಿದ್ದಳು. ಅಯ್ಯೋ, ನಿನ್ನ ಕರ್ಮ ಕಣೇ. ನನ್ನ ಅಲ್ಲ, ನಿನ್ನ. ನುಂಗಿಹೋದ ಆ ಮಾತನ್ನು ದಿನಾ ಸಂಜೆ ನಾನೇ ತುಂಬಿಕೊಂಡು ಓದಿದ್ದೆ, ಕಾಣದ ಅಕ್ಷರ ಊಹಿಸುವ ನನ್ನ ಗಿರಾಕಿಗಳಂತೆ. ನನ್ನ ಬೆನ್ನು ಬಾಗಿದ್ದನ್ನು ನೋಡಿ, ಕಣ್ಣ ಕೆಳಗಿನ ಕಪ್ಪು ನೋಡಿ, ಇಡೀ ಮನೆಯಲ್ಲಿ ಪಾಪ ಎಂದವರು ಅವರೊಬ್ಬರೇ. ನಾನು ಪ್ರತಿ ಸಲ ಕೈ ಕೊಸರಿಕೊಂಡು ಹೋಗಿದ್ದೆ. ಆರೈಕೆ ಮನೆಗೆ ಹೋಗುತ್ತೇನೆಂದ ಆ ಹೂಂ ಕೂಡ ಆ ಕನಿಕರದಿಂದಲೇ ಬಂದದ್ದು.

ಅತ್ತೆಯ ಕೈ ಮೇಲೆ ಹಣೆ ಇಟ್ಟು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ, ಗೊಳೋ ಎಂದು. ಎಲ್ಲ ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಅಂಗಡಿಯಲ್ಲಿ ಕೇಳುವ ಹಾಗೆಯೇ ಕೇಳಿದೆ.

"ಅತ್ತೆ, ನನ್ನ ಮುಖ ನೋಡಿ ಹೇಳ್ಬೇಡಿ. ನಂಗೆ ಬೇಕಾಗಿರೋದು ನೀವು ಹೋಗೋದಲ್ಲ, ನಾನು ಒಂದಿಷ್ಟು ಮಲಗೋದು. ಈಗ ಹೇಳಿ. ಇದಾ, ಅದಾ? ಆ ಮನೆಯಾ?"

"ಕರ್ಮಾ..."

"ಇಲ್ಲೇ, ಮಗನ ಕೈಲಿ ಮಾಡಿಸ್ಕೊಂಡು ಇರೋದಾ?"

ಅತ್ತೆ ಬಾಗಿಲ ಕಡೆ ನೋಡಿದರು. ನನ್ನ ಗಂಡ ಅಮ್ಮನನ್ನು ನೋಡಲಾರದೆ ಕಿಟಕಿ ನೋಡಿದರು, ಆಮೇಲೆ ಅಮ್ಮನನ್ನೇ ನೋಡಿದರು. ಅತ್ತೆ ಗಿಡ್ಡಗೆ, ಕೆಳಕ್ಕೆ ಇಳಿಸಿ, ಬಾಗಿಲಿಗೆ ಮೊಳೆ ಹೊಡೆದ ಹಾಗೆ ಹೇಳಿದರು. ಭಾವ ನನ್ನನ್ನು ಏನಂದಳು ಎಂದು ಕೇಳಲಿಲ್ಲ.

"ನಾನು ಮಲಗ್ತೀನಿ" ಎಂದು ಎದ್ದೆ. "ಭಾವ, ಆ ಎಳೆಯೋದು, ಗಿಡ್ಡದ್ದು, ತಮ್ಮನ ಹತ್ರ ಕಲ್ತುಕೊಳ್ಳಿ. ನೀನೂ ಅಷ್ಟೇ ಕಣಮ್ಮ, ಬರೀ ಭಾನುವಾರ ಅಲ್ಲ, ವಾರದಲ್ಲಿ ಇನ್ನೊಂದು ದಿನ ನಿಂದು. ನನ್ನನ್ನ ಯಾರೂ ಎಬ್ಬಿಸ್ಬೇಡಿ."

ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. ಹಗಲು ಬೆಳಕಿನಲ್ಲಿ ಮಲಗಿ ಎಷ್ಟು ಕಾಲವಾಗಿತ್ತೋ. ಕಣ್ಣು ಮುಚ್ಚಿತೋ ಇಲ್ಲವೋ, ಆಚೆಯಿಂದ ಗಂಟಲಿನ ಆ ದನಿ ಬಂತು, ಕೊನೆ ಕೀರಲಾಗಿ. ಪಾತ್ರೆ. ನನ್ನ ಮೊಣಕಾಲು ತಾವಾಗಿಯೇ ಮಡಚಿಕೊಂಡವು, ಪಾದ ನೆಲ ಹುಡುಕಿತು. ಮಂಚದ ಚೌಕಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

ಏನೂ ಕೇಳಿಸಲಿಲ್ಲ. ಅತ್ತೆ ಮತ್ತೆ ಕರೆದರು. ಏಳಬೇಡ, ಏಳಬೇಡ ಎಂದು ಹಲ್ಲು ಕಚ್ಚಿದೆ. ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಾಯಿತು. "ಬಂದೆ ಅಮ್ಮಾ" ಎಂಬ ಗಂಡಸಿನ ದನಿ. ಪಾತ್ರೆ ಮಂಚದ ಕಾಲಿಗೆ ಬಡಿಯಿತು, ರೂಢಿಯಿಲ್ಲದ ಕೈ. ಆಮೇಲೆ ನಲ್ಲಿಯಲ್ಲಿ ನೀರು ಬಿಟ್ಟದ್ದು, ತೊಳೆದದ್ದು, ಯಾರೋ ಮೂಗು ಎಳೆದುಕೊಂಡದ್ದು ಕೇಳಿಸಿತು.

ಎಲ್ಲ ಮುಗಿದ ಮೇಲೆ ಗೋಡೆಯಾಚೆ ಅತ್ತೆ ಮೆಲ್ಲಗೆ, ತಗ್ಗಿದ ದನಿಯಲ್ಲಿ, "ಕರ್ಮ" ಎಂದರು. ಈ ಸಲ ಅದು ಮಗನಿಗೆ. ನಾನು ಮಂಚದ ಚೌಕಟ್ಟು ಬಿಟ್ಟು, ಮಗ್ಗುಲಾಗಿ ಮಲಗಿದೆ.